ಪದ್ಮಿನಿಗೆ ಆಯಿಲ್ ಪ್ರೆಶರ್ ಮೀಟರ್ ಹಾಕಬೇಕು, ಡ್ಯಾಶ್ ಕೊರೆಯದೆ ಆಗುತ್ತಾ?

ದೊಡ್ಡಪ್ಪನ ಪದ್ಮಿನಿ (ಪೊನ್ನಂಪೇಟೆ)

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ 1982ರ ಪ್ರೀಮಿಯರ್ ಪದ್ಮಿನಿ ಇದೆ. ದೊಡ್ಡಪ್ಪ ಓಡಿಸುತ್ತಿದ್ದ ಗಾಡಿ, ಈಗ ನನ್ನ ಕೈಗೆ ಬಂದಿದೆ. ಇಂಜಿನ್ ಬಿಚ್ಚಿಸಿ ಬೋರ್ ಮಾಡಿಸಿ ಬೇರಿಂಗ್ ಬದಲಾಯಿಸಿದ್ದೇವೆ. ಡೈನಮೋ ತೆಗೆಸಿ ಆಲ್ಟರ್ನೇಟರ್ ಕೂರಿಸಿದ್ದೂ ಆಗಲೇ. ಗಾಡಿ ಚೆನ್ನಾಗಿ ಓಡುತ್ತದೆ. ತಲೆನೋವು ಒಂದೇ, ಕೆಂಪು ಆಯಿಲ್ ಲೈಟ್.

ಇರಿಟ್ಟಿ ಕಡೆಯಿಂದ ಮಾಕುಟ್ಟ ಘಾಟಿ ಹತ್ತಿ ಪೆರುಂಬಾಡಿಯಲ್ಲಿ ನಿಲ್ಲಿಸಿದರೆ, ಐಡಲ್‌ನಲ್ಲಿ ಲೈಟ್ ಮಿಣಮಿಣ ಅನ್ನುತ್ತದೆ. ಸ್ವಲ್ಪ ಆಕ್ಸಿಲರೇಟರ್ ಕೊಟ್ಟರೆ ಆರಿಹೋಗುತ್ತದೆ. ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗ ಏನೂ ಇಲ್ಲ. ಮೆಕ್ಯಾನಿಕ್ ಕೇಳಿದರೆ "ಆ ಲೈಟ್ ಹೊತ್ತಿಸುವ ಆಯಿಲ್ ಸ್ವಿಚ್ ಹೋಗಿರುತ್ತೆ ಬಿಡಿ" ಅಂದರು. ನಮ್ಮ ಮನೆಯವರದ್ದು ಇನ್ನೂ ಸುಲಭದ ಉಪಾಯ, "ವಯರ್ ಎಳೆದುಬಿಡು, ಲೈಟೇ ಬರಲ್ಲ" ಅಂತ.

ನನಗೆ ಸಮಾಧಾನ ಆಗಲಿಲ್ಲ. ಆನ್‌ಲೈನ್‌ನಲ್ಲಿ ಮೂರು ಮೀಟರಿನ ಕಿಟ್ ತರಿಸಿದೆ. 52 ಎಂಎಂ ಮೀಟರ್‌ಗಳು, ಕರಿ ತಗಡಿನ ಪ್ಯಾನಲ್. ಆಯಿಲ್ ಪ್ರೆಶರ್ ಮೆಕ್ಯಾನಿಕಲ್, ಅದಕ್ಕೆ ತೆಳ್ಳಗಿನ ನೈಲಾನ್ ಟ್ಯೂಬ್ ಕೊಟ್ಟಿದ್ದಾರೆ. ಟೆಂಪರೇಚರ್ ಎಲೆಕ್ಟ್ರಿಕ್, ಸೆಂಡರ್ (ಇಂಜಿನ್ ಕಡೆ ಕೂತು ಅಳೆದು ಮೀಟರ್‌ಗೆ ತಿಳಿಸುವ ತುಣುಕು) ಜೊತೆಗಿದೆ. ಮೂರನೆಯದು 30-0-30ರ, ಅಂದರೆ ಸೊನ್ನೆಯ ಎರಡೂ ಕಡೆ 30ರ ತನಕ ಓದುವ ಆಂಪಿಯರ್ ಮೀಟರ್. ಕಂಪನಿಯ ಟೆಂಪರೇಚರ್ ಮೀಟರ್ ಗಾಡಿಯಲ್ಲಿ ಇದೆ, ಆದರೆ ಮುಳ್ಳು ಎದ್ದೇಳುವುದೇ ಇಲ್ಲ.

ಕೇಳಬೇಕಾದ್ದು ಇಷ್ಟು. ಬಿಸಿ ಆಯಿಲ್ ಇರುವ ಟ್ಯೂಬನ್ನು ಕಾಲಿನ ಮೇಲೆ ಹಾಯಿಸಿಕೊಳ್ಳುವುದು ಸರಿಯಾ? ಹಳೇ ಕೆಂಪು ಲೈಟನ್ನೂ ಉಳಿಸಿಕೊಳ್ಳಬಹುದಾ? ಆಂಪಿಯರ್ ಮೀಟರ್‌ಗೆ ಅಷ್ಟು ದಪ್ಪ ವಯರ್ ಯಾಕೆ ಬೇಕು? ಮತ್ತೆ ಡ್ಯಾಶ್‌ಗೆ ಒಂದು ತೂತೂ ಬೀಳಬಾರದು. ದೊಡ್ಡಪ್ಪ ವಾರಕ್ಕೊಮ್ಮೆ ಬಂದು ಗಾಡಿ ಸುತ್ತ ಒಂದು ಸುತ್ತು ಹಾಕುತ್ತಾರೆ.

ಹಳೇಗಾಡಿ ಪ್ರೇಮಿ (ಕುಶಾಲನಗರ)

ನನ್ನ ಅಭಿಪ್ರಾಯ ಕೇಳಿದರೆ ಏನೂ ಹಾಕಬೇಡಿ. ಪದ್ಮಿನಿ ಡ್ಯಾಶ್ ಕೆಳಗೆ ಮೂರು ಮೀಟರ್ ನೇತುಹಾಕಿದರೆ ಟ್ಯಾಕ್ಸಿ ಕಳೆ ಬರುತ್ತದೆ. ಹೊಸ ಸ್ವಿಚ್ ಹಾಕಿ ನೋಡಿ, ಖರ್ಚೂ ಕಮ್ಮಿ. ಲೈಟ್ ನಿಂತರೆ ಮುಗೀತು. ಕಂಪನಿಯವರು ಒಂದೇ ಲೈಟ್ ಕೊಟ್ಟು ಅಷ್ಟು ವರ್ಷ ಗಾಡಿ ಮಾರಿಲ್ವಾ?

ಎಸ್ಟೇಟ್ ವಯರ್‌ಮನ್ (ಸಿದ್ದಾಪುರ)

ಮೊದಲು ನಿಮ್ಮ ಯಜಮಾನರಿಗೆ ಹೇಳಿ ಅಮ್ಮ, ಆ ವಯರ್ ಮುಟ್ಟಬೇಡಿ ಅಂತ. ಮಿಕ್ಕಿದ್ದನ್ನು ನಿಧಾನಕ್ಕೆ ನೋಡೋಣ.

ಕುಶಾಲನಗರದವರು ಹೇಳಿದ್ದರಲ್ಲಿ ಅರ್ಧ ಒಪ್ಪುತ್ತೇನೆ. ಸ್ವಿಚ್ ಅಗ್ಗ, ನಿಜ. ಆದರೆ ಆ ಕೆಂಪು ಲೈಟ್‌ಗೆ ತಿಳಿಯುವುದು ಇದೆ, ಇಲ್ಲ ಅನ್ನುವ ಎರಡೇ ಮಾತು. ಸ್ವಿಚ್ಚಿನ ಒಳಗೆ ಒಂದು ಪೊರೆ, ಒಂದು ಸ್ಪ್ರಿಂಗ್. ಆಯಿಲ್ ಬಂದು ಪೊರೆಯನ್ನು ತಳ್ಳಿದರೆ ಅರ್ತ್ ಬಿಟ್ಟು ಲೈಟ್ ಆರುತ್ತದೆ. ಇಂಥ ಸ್ವಿಚ್‌ಗಳು ಸಾಮಾನ್ಯವಾಗಿ 5ರಿಂದ 8 ಪಿಎಸ್‌ಐ (ಒತ್ತಡದ ಅಳತೆ) ಆಸುಪಾಸಿಗೆ ಇಳಿದಾಗ ಮಾತ್ರ ಲೈಟ್ ಹೊತ್ತಿಸುತ್ತವೆ. ಓಡುವಾಗ 45 ಇರಬೇಕಾದ್ದು 15ಕ್ಕೆ ಬಿದ್ದಿದ್ದರೂ ಲೈಟ್ ಸುಮ್ನೆ ಇರುತ್ತದೆ. ಅದು ಹೊತ್ತುವ ಹೊತ್ತಿಗೆ ಬೇರಿಂಗ್ ಕತೆ ಮುಗಿದಿರುತ್ತದೆ. ಹಾಗಾಗಿ ಆಯಿಲ್ ಮೀಟರ್‌ಗೆ ನನ್ನ ಓಟು. ಆದರೆ ಕಿಟ್‌ನಲ್ಲಿ ಬಂದಿದೆ ಅಂತ ಮೂರನ್ನೂ ಹಾಕಬೇಕು ಅಂತೇನಿಲ್ಲ.

ಮೊದಲು ಮಾಡಬೇಕಾದ ಕೆಲಸ ಬಾನೆಟ್ ಕೆಳಗಿದೆ. ಇಂಜಿನ್ ಬ್ಲಾಕ್‌ನಿಂದ ಆ ಆಯಿಲ್ ಸ್ವಿಚ್ ಬಿಚ್ಚಿ, ಅದೇ ತೂತಿಗೆ ನಿಮ್ಮ ಮೆಕ್ಯಾನಿಕಲ್ ಮೀಟರನ್ನು ತಾತ್ಕಾಲಿಕವಾಗಿ ಹಾಕಿ. ಟ್ಯೂಬ್ ಎಗ್ಸಾಸ್ಟ್‌ಗೆ ತಾಗದ ಹಾಗೆ, ಫ್ಯಾನಿಗೆ ಸಿಗದ ಹಾಗೆ ಕಟ್ಟಿ. ಬಾನೆಟ್ ಮುಚ್ಚಿ ಹತ್ತಿರದಲ್ಲೇ ಚೆನ್ನಾಗಿ ಬಿಸಿ ಆಗುವಷ್ಟು ಓಡಿಸಿ ಬನ್ನಿ, ನಿಲ್ಲಿಸಿ, ಬಾನೆಟ್ ಎತ್ತಿ ಓದಿ. ಹಳೇ ಇಂಜಿನ್‌ಗಳಿಗೆ ಒಂದು ಅಂದಾಜು ಇದೆ, ಬಿಸಿಯಾದ ಮೇಲೆ ಪ್ರತಿ 1000 ಆರ್‌ಪಿಎಂಗೆ 10 ಪಿಎಸ್‌ಐ. ತಣ್ಣಗಿರುವಾಗ ಎಷ್ಟು ತೋರಿಸಿದರೂ ಖುಷಿ ಪಡಬೇಡಿ, ದಪ್ಪ ಆಯಿಲ್ ಎಲ್ಲ ಇಂಜಿನ್‌ನಲ್ಲೂ ಒಳ್ಳೆ ಪ್ರೆಶರ್ ತೋರಿಸುತ್ತದೆ. ಬಿಸಿ ಐಡಲ್‌ನಲ್ಲಿ 15 ದಾಟಿದ್ದರೆ ನಿಮ್ಮ ಇಂಜಿನ್ ಚೆನ್ನಾಗಿದೆ, ಸ್ವಿಚ್ಚೇ ಕಳ್ಳ. 5, 6 ಅಂತ ತೋರಿಸಿದರೆ ಮೀಟರ್ ವಿಷಯ ಬಿಟ್ಟು ಗಾಡಿಯನ್ನು ಇಂಜಿನ್ ಮಾಡಿದವರ ಹತ್ತಿರ ತಗೊಂಡು ಹೋಗಿ. ಐಡಲ್ ತೀರಾ ಕಮ್ಮಿ ಇಟ್ಟಿದ್ದಾರಾ, ತೆಳು ಆಯಿಲ್ ಹಾಕಿದ್ದಾರಾ ಅದನ್ನೂ ಕೇಳಿ. ಇಂಥ ಇಂಜಿನ್‌ಗೆ 20ಡಬ್ಲ್ಯೂ-40 ಅಥವಾ 20ಡಬ್ಲ್ಯೂ-50 ದಪ್ಪದ ಆಯಿಲ್ ಹಾಕುವುದು ರೂಢಿ.

ಇನ್ನು ಥ್ರೆಡ್. ಜಾಸ್ತಿ ಜನ ಬ್ಲಾಕ್ ಹಾಳು ಮಾಡುವುದು ಇಲ್ಲೇ. ಪದ್ಮಿನಿ ಇಟಲಿ ಮೂಲದ ಗಾಡಿ, ಬ್ಲಾಕ್‌ನಲ್ಲಿ ಮೆಟ್ರಿಕ್ ಥ್ರೆಡ್. ಕಿಟ್‌ನವರು ಕೊಡುವುದು ಹೆಚ್ಚಾಗಿ 1/8 ಎನ್‌ಪಿಟಿ, ಅಮೆರಿಕದ ಪೈಪ್ ಥ್ರೆಡ್. ಅಂಗಡಿಯಲ್ಲಿ ಕೇಳಿದರೆ 1/8 ಬಿಎಸ್‌ಪಿ (ಬ್ರಿಟಿಷ್ ಪೈಪ್ ಥ್ರೆಡ್) ಕೊಟ್ಟು "ಎರಡೂ ಒಂದೇ" ಅಂತಾರೆ. ಒಂದೇ ಅಲ್ಲ. ಎನ್‌ಪಿಟಿಯಲ್ಲಿ ಇಂಚಿಗೆ 27 ಥ್ರೆಡ್, 60 ಡಿಗ್ರಿ ಕೋನ. ಬಿಎಸ್‌ಪಿಯಲ್ಲಿ 28, ಕೋನ 55 ಡಿಗ್ರಿ. ಕೈಯಲ್ಲಿ ಎರಡು ಸುತ್ತು ಹೋಗುತ್ತದೆ, ಮೂರನೆಯದಕ್ಕೆ ಹಿಡಿಯುತ್ತದೆ. ಆಗ ಸ್ಪ್ಯಾನರ್ ಹಾಕಿ ಒತ್ತುತ್ತಾರೆ ನೋಡಿ, ಅಲ್ಲಿಗೆ ಥ್ರೆಡ್ ಹೋಯಿತು. ಹಳೇ ಸ್ವಿಚ್ಚನ್ನೂ ಕಿಟ್‌ನ ತುದಿಯನ್ನೂ ಜೇಬಿಗೆ ಹಾಕಿಕೊಂಡು ಲೇತ್‌ನವರ ಹತ್ತಿರ ಹೋಗಿ. ಥ್ರೆಡ್ ಗೇಜ್ ಇಟ್ಟು ಅಳೆದು ಹಿತ್ತಾಳೆಯಲ್ಲಿ ಅಡಾಪ್ಟರ್ ಮಾಡಿಕೊಡುತ್ತಾರೆ. ಬಾಯಿಮಾತಿನ ಅಳತೆ ಬೇಡ, ನನ್ನದೂ ಬೇಡ.

ಟ್ಯೂಬ್ ಬಗ್ಗೆ ಕೇಳಿದಿರಿ. ಮೆಕ್ಯಾನಿಕಲ್ ಮೀಟರ್ ಓದುವುದರಲ್ಲಿ ನಂಬಿಕಸ್ಥ. ಬ್ಯಾಟರಿ ಬೇಡ, ಅರ್ತ್ ಬೇಡ. ಆದರೆ ನೈಲಾನ್ ಟ್ಯೂಬನ್ನು ಕೊಡಗಿನಲ್ಲಿ ಗಾಡಿ ಒಳಗೆ ತರುವುದು ನನಗೆ ಇಷ್ಟ ಇಲ್ಲ. ಕಾರಣ ಇಲಿ. ಮಳೆಗಾಲದಲ್ಲಿ ಶೆಡ್‌ನಲ್ಲಿ ನಿಂತ ಗಾಡಿಯ ಬಾನೆಟ್ ಒಳಗೆ ಅವಕ್ಕೆ ಬೆಚ್ಚಗಿನ ಮನೆ. ವಯರ್ ಕಡಿದರೆ ಗಾಡಿ ಸ್ಟಾರ್ಟ್ ಆಗಲ್ಲ ಅಷ್ಟೇ. ಈ ಟ್ಯೂಬ್ ಕಡಿದರೆ ಗಾಡಿ ಓಡುತ್ತದೆ, ಆಯಿಲ್ ಸಣ್ಣಗೆ ಹೊರಗೆ ಹೋಗುತ್ತಿರುತ್ತದೆ, ಇಲ್ಲವೇ ನಿಮ್ಮ ಕಾಲ ಮೇಲೆ ಬೀಳುತ್ತದೆ. ತಾಮ್ರದ ಟ್ಯೂಬ್ ಹಾಕಬಹುದು, ಆದರೆ ಇಂಜಿನ್ ಅಲ್ಲಾಡಿ ಅಲ್ಲಾಡಿ ತಾಮ್ರ ಗಡಸಾಗಿ ಬಿರುಕು ಬಿಡುತ್ತದೆ. ಅದಕ್ಕೇ ಹಳಬರು ನಡುವೆ ಎರಡು ಸುರುಳಿ ಸುತ್ತಿ ಬಿಡುತ್ತಿದ್ದರು. ನಾನು ಹೇಳುವುದು, ಕಿಟ್‌ನ ಮೀಟರ್ ಟೆಸ್ಟ್ ಮಾಡುವುದಕ್ಕೆ ಇಟ್ಟುಕೊಳ್ಳಿ. ಡ್ಯಾಶ್‌ಗೆ ಎಲೆಕ್ಟ್ರಿಕ್ ಮೀಟರ್ ತಗೊಳ್ಳಿ.

ಎಲೆಕ್ಟ್ರಿಕ್‌ನಲ್ಲಿ ಮೀಟರೂ ಸೆಂಡರೂ ಜೋಡಿಯಾಗಿಯೇ ಬರಬೇಕು. ಜರ್ಮನಿಯ ವಿಡಿಒ ಕಂಪನಿ ಥರದ ಪ್ರೆಶರ್ ಸೆಂಡರ್ ಸುಮಾರು 10 ಓಮ್‌ನಿಂದ ಶುರುವಾಗಿ 180ರ ತನಕ ಹೋಗುತ್ತದೆ. ಅಮೆರಿಕದ ಮಾದರಿಯದ್ದು 240ರಿಂದ 33ಕ್ಕೆ, ಉಲ್ಟಾ. ಒಂದರ ಸೆಂಡರ್‌ಗೆ ಇನ್ನೊಂದರ ಮೀಟರ್ ಕೊಟ್ಟರೆ ಮುಳ್ಳು ಎಲ್ಲೋ ನಿಂತು ಏನೋ ಹೇಳುತ್ತದೆ. ಏನೂ ಹೇಳದೆ ಇದ್ದರೆ ಪರವಾಗಿಲ್ಲ, ಸುಳ್ಳು ಹೇಳಿದರೆ ಕಷ್ಟ. ನಿಮ್ಮ ಟೆಂಪರೇಚರ್ ಮೀಟರ್‌ಗೂ ಇದೇ ಮಾತು, ಗಾಡಿಯ ಹಳೇ ಸೆಂಡರ್‌ಗೆ ಅದನ್ನು ಸಿಕ್ಕಿಸಬೇಡಿ.

ಕೆಂಪು ಲೈಟ್ ಖಂಡಿತ ಉಳಿಸಿಕೊಳ್ಳಿ. ರಾತ್ರಿ ಮಳೆಯಲ್ಲಿ ಮೀಟರ್ ಯಾರು ನೋಡುತ್ತಾರೆ? ಲೈಟ್ ಕಣ್ಣಿಗೆ ಹೊಡೆಯುತ್ತದೆ. ಅದಕ್ಕೆ ಟೀ, ಅಂದರೆ T ಆಕಾರದ ಮೂರು ಬಾಯಿಯ ಜೋಡಣೆ ಬೇಕು. ಆದರೆ ಬ್ಲಾಕ್‌ಗೆ ನೇರವಾಗಿ ಹಿತ್ತಾಳೆ ಟೀ ತಿರುಗಿಸಿ, ಅದರ ತುದಿಗೆ ಡಬ್ಬಿಯಷ್ಟು ದೊಡ್ಡ ಸೆಂಡರ್ ಕೂರಿಸಬೇಡಿ. ಭಾರ ಎಲ್ಲ ತುದಿಯಲ್ಲಿ, ನಡುಕ ದಿನವಿಡೀ. ಕುತ್ತಿಗೆ ಮುರಿದರೆ ಇಡೀ ಸಂಪಿನ ಆಯಿಲ್ ರಸ್ತೆಗೆ. ಬ್ಲಾಕ್‌ನಿಂದ ಒಂದು ಗಟ್ಟಿ ಹೋಸ್ ತಂದು, ಟೀಯನ್ನು ಬಾಡಿಗೆ ಕ್ಲಾಂಪ್ ಮಾಡಿ, ಸ್ವಿಚ್ಚು ಸೆಂಡರ್ ಎರಡನ್ನೂ ಅಲ್ಲಿ ಹಾಕಿ. ಟ್ರ್ಯಾಕ್ಟರ್, ಜೆಸಿಬಿಗೆ ಹೈಡ್ರಾಲಿಕ್ ಹೋಸ್ ಒತ್ತಿಕೊಡುವ ಅಂಗಡಿಯಲ್ಲಿ ಅಳತೆ ಕೊಟ್ಟರೆ ಮಾಡಿಕೊಡುತ್ತಾರೆ.

ಒಂದೇ ವಯರಿನ ಸೆಂಡರ್‌ಗೆ ಅರ್ತ್ ಸಿಗುವುದು ಅದರ ಥ್ರೆಡ್‌ನಿಂದಲೇ. ಟೆಫ್ಲಾನ್ ಟೇಪನ್ನು ಸುತ್ತಿ ಸುತ್ತಿ ಹಾಕಿದರೆ ಅರ್ತ್ ಕೂಡುವುದಿಲ್ಲ, ಮುಳ್ಳು ಕುಣಿಯುತ್ತದೆ. ಟೀ ಬಾಡಿ ಮೇಲೆ ಕೂತಿರುವುದರಿಂದ ಅಲ್ಲಿನ ಪೇಂಟ್ ಕೆರೆದು, ಒಂದು ಅರ್ತ್ ವಯರ್ ಬೇರೆಯಾಗಿ ಹಾಕಿ, ಬೋಲ್ಟ್ ಬಿಗಿದ ಮೇಲೆ ಗ್ರೀಸ್ ಬಳಿಯಿರಿ. ನಮ್ಮ ಕಡೆಯ ಮಳೆಗೆ ವಯರ್ ತುದಿಯ ಥಿಂಬಲ್ ಹಸಿರಾಗುವುದು ಎಷ್ಟು ಹೊತ್ತು. ಮೀಟರ್ ಕೆಟ್ಟಿದೆ ಅಂತ ನನ್ನ ಹತ್ತಿರ ತಂದ ಗಾಡಿಗಳಲ್ಲಿ ಜಾಸ್ತಿಯವಕ್ಕೆ ಇದ್ದ ಕಾಯಿಲೆ ಕಿಲುಬು.

ಆಂಪಿಯರ್ ಮೀಟರ್ ಬೇಡವೇ ಬೇಡ. ಸ್ಟಾರ್ಟರ್‌ದು ಬಿಟ್ಟು ಗಾಡಿಯ ಕರೆಂಟೆಲ್ಲ ಅದರ ಹೊಟ್ಟೆಯೊಳಗಿಂದ ಹೋಗಬೇಕು. ಅದಕ್ಕೇ ದಪ್ಪ ವಯರ್. ಬ್ಯಾಟರಿಯಿಂದ ಒಂದು ಹೋಗಿ, ಇನ್ನೊಂದು ವಾಪಸ್ಸು. ಎರಡೂ ಫೈರ್‌ವಾಲ್ (ಇಂಜಿನ್‌ಗೂ ಗಾಡಿಯ ಒಳಗೂ ನಡುವಿನ ತಗಡು) ದಾಟಬೇಕು, ಸಾಮಾನ್ಯವಾಗಿ ಫ್ಯೂಸ್ ಇಲ್ಲದೆ. ತೂತಿನ ಅಂಚಿಗೆ ಉಜ್ಜಿ ಸ್ಲೀವ್ ಹರಿದರೆ ಬೆಂಕಿಯೇ. ಅದೂ ಅಲ್ಲದೆ ಡೈನಮೋ ಕಾಲದಲ್ಲಿ 30 ಸಾಕಾಗುತ್ತಿತ್ತು. ಈಗ ಆಲ್ಟರ್ನೇಟರ್ ಹಾಕಿದ್ದೀರಿ, ಅದು 30ಕ್ಕಿಂತ ಜಾಸ್ತಿ ತಳ್ಳುವಂಥದ್ದಾದರೆ ಮೀಟರ್ ತಡೆಯುವುದಿಲ್ಲ. ಆ ಜಾಗಕ್ಕೆ ವೋಲ್ಟ್ ಮೀಟರ್ ಹಾಕಿ. ಕೀ ಆನ್ ಆದಾಗ ಮಾತ್ರ ಕರೆಂಟ್ ಬರುವ ಕಡೆಯಿಂದ ಸಣ್ಣ ವಯರ್, 3 ಆಂಪಿಯರ್ ಫ್ಯೂಸ್, ಒಂದು ಅರ್ತ್, ಅಷ್ಟೇ ಕೆಲಸ. ಇಂಜಿನ್ ನಿಂತಿದ್ದಾಗ ಒಳ್ಳೆ ಬ್ಯಾಟರಿ 12.6 ಆಸುಪಾಸು, ಓಡುವಾಗ 13.8ರಿಂದ 14.4. ಹೆಡ್‌ಲೈಟು ವೈಪರು ಎರಡೂ ಹಾಕಿಕೊಂಡು ಜಾಮ್‌ನಲ್ಲಿ ನಿಂತಾಗ 12ರ ಕಡೆಗೆ ಜಾರಿದರೆ ಬೆಲ್ಟ್ ನೋಡಿ. 15 ದಾಟಿದರೆ ರೆಗ್ಯುಲೇಟರ್ ನೋಡಿ.

ಜಾಗದ ವಿಷಯ. ಡ್ಯಾಶ್‌ನ ಕೆಳ ಅಂಚಿನಲ್ಲಿ ಮೊದಲೇ ಇರುವ ಸ್ಕ್ರೂಗಳಿಗೇ ಎಲ್ ಪಟ್ಟಿ ಕೊಟ್ಟು ಪ್ಯಾನಲ್ ನೇತುಹಾಕಬಹುದು, ಹೊಸ ತೂತು ಬೇಡ. ಆದರೆ ಬೋಲ್ಟ್ ಬಿಗಿಯುವ ಮೊದಲು ಸೀಟಿನಲ್ಲಿ ಕೂತು ಎಲ್ಲ ಗೇರೂ ಹಾಕಿ ನೋಡಿ. ನಿಮ್ಮದು ಸ್ಟೇರಿಂಗ್ ಗೇರ್ ತಾನೇ? ಲಿವರ್ ಕೆಳಗಿಳಿಯುವಾಗ ಬೆರಳ ಗೆಣ್ಣು ಪ್ಯಾನಲ್‌ಗೆ ಬಡಿಯುತ್ತದೆ. ನಾಲ್ಕು ಬೆರಳು ಎಡಕ್ಕೆ ಸರಿಸಿದರೆ ಸರಿಹೋಗುತ್ತದೆ. ಕ್ಲಚ್ ತುಳಿಯುವಾಗ ಮೊಣಕಾಲು ಎಲ್ಲಿ ಬರುತ್ತದೆ ಅದನ್ನೂ ನೋಡಿಕೊಳ್ಳಿ. ವಯರ್ ತರುವುದಕ್ಕೆ ಫೈರ್‌ವಾಲ್‌ನಲ್ಲಿ ಈಗಾಗಲೇ ಇರುವ ರಬ್ಬರ್ ಗ್ರೋಮೆಟ್ (ತೂತಿನ ಅಂಚಿನ ಬಳೆ) ಸಾಕು. ಮೀಟರ್ ಬಲ್ಬಿನ ವಯರ್ ಪಾರ್ಕಿಂಗ್ ಲೈಟ್ ಲೈನ್‌ಗೆ ಕೊಡಿ.

ಸಂಪಾಜೆ ಸೆಕೆಂಡ್ ಗೇರ್

ವಯರ್‌ಮನ್ ಅಣ್ಣ ಎಲ್ಲ ಹೇಳಿದ್ದಾರೆ, ನೀರಿನ ವಿಷಯ ಮಾತ್ರ ಬಿಟ್ಟಿದ್ದಾರೆ. ಸೇರಿಸುತ್ತೇನೆ.

ಟೆಂಪರೇಚರ್ ಸೆಂಡರ್ ಹಾಕುವುದಕ್ಕೆ ರೇಡಿಯೇಟರಿನ ಮೇಲಿನ ಹೋಸ್ ಕತ್ತರಿಸಿ ನಡುವೆ ಅಲ್ಯೂಮಿನಿಯಂ ಅಡಾಪ್ಟರ್ ಸಿಕ್ಕಿಸುತ್ತಾರೆ. ಎರಡೂ ಕಡೆ ರಬ್ಬರ್, ಅರ್ತ್ ಎಲ್ಲಿಂದ ಬರಬೇಕು ಮಾರಾಯ್ರೇ? ಅಡಾಪ್ಟರಿಗೇ ಒಂದು ಅರ್ತ್ ವಯರ್ ಕಟ್ಟಬೇಕು. ಮತ್ತೆ ರೇಡಿಯೇಟರ್ ಖಾಲಿಯಾದರೆ ಆ ಸೆಂಡರ್ ಸುತ್ತ ನೀರೇ ಇರುವುದಿಲ್ಲ, ಬರೀ ಆವಿ. ಮೀಟರ್ ಕಮ್ಮಿ ತೋರಿಸುತ್ತದೆ, ಇಂಜಿನ್ ಬೇಯುತ್ತಿರುತ್ತದೆ. ಇಂಜಿನ್ ಹೆಡ್‌ನಲ್ಲಿ ಹಳೇ ಸೆಂಡರ್ ಕೂತಿರುವ ಜಾಗಕ್ಕೇ ಹೊಸದನ್ನು ಹಾಕುವುದು ಮೇಲು. ಹೇಗೂ ನಿಮ್ಮ ಕಂಪನಿ ಮೀಟರ್ ಸತ್ತಿದೆ.

ಸತ್ತಿದೆಯಾ ಅಂತಲೂ ಒಮ್ಮೆ ನೋಡಿ. ಕೀ ಆನ್ ಮಾಡಿ, ಸೆಂಡರಿನ ವಯರ್ ತೆಗೆದು ಒಂದು ಕ್ಷಣ ಇಂಜಿನ್‌ಗೆ ತಾಗಿಸಿ. ಮುಳ್ಳು ಪೂರ್ತಿ ಎದ್ದರೆ ಮೀಟರ್ ಚೆನ್ನಾಗಿದೆ, ಸೆಂಡರ್ ಹೋಗಿದೆ. ಜಾಸ್ತಿ ಹೊತ್ತು ಹಿಡಿಯಬೇಡಿ.

ಇನ್ನೊಂದು, ಥರ್ಮೋಸ್ಟಾಟ್ (ಇಂಜಿನ್ ಬಿಸಿಯಾಗುವ ತನಕ ನೀರನ್ನು ರೇಡಿಯೇಟರ್‌ಗೆ ಬಿಡದ ವಾಲ್ವ್) ಇದೆಯಾ? ನಮ್ಮ ಕಡೆ ಗಾಡಿ ಬಿಸಿ ಆಯಿತು ಅಂದರೆ ಮೊದಲು ಅದನ್ನು ಕಿತ್ತು ಎಸೆಯುತ್ತಾರೆ. ಮಳೆಗಾಲದಲ್ಲಿ ಮಡಿಕೇರಿಯಿಂದ ಇಳಿಯುವಾಗ ಅಂಥ ಗಾಡಿಯ ಮುಳ್ಳು 60ಕ್ಕೂ ಬರುವುದಿಲ್ಲ. ಆಯಿಲ್‌ನಲ್ಲಿ ಸೇರಿದ ನೀರಿನ ಪಸೆ ಆರದೆ ಆಯಿಲ್ ಮುಚ್ಚಳದ ಒಳಗೆ ಬೆಣ್ಣೆ ಥರ ಕೂರುತ್ತದೆ. ಹೆಡ್ ಗ್ಯಾಸ್ಕೆಟ್ ಹೋಗಿದೆ ಅಂತ ಹೆದರುತ್ತಾರೆ, ಸುಮ್ನೆ ಖರ್ಚು.

ಎತ್ತರದ ಲೆಕ್ಕವೂ ಇರಲಿ. 300 ಮೀಟರ್ ಮೇಲೆ ಹೋದ ಹಾಗೆ ನೀರು ಸುಮಾರು 1 ಡಿಗ್ರಿ ಮೊದಲೇ ಕುದಿಯುತ್ತದೆ. ಮಡಿಕೇರಿ ಎತ್ತರದಲ್ಲಿ ಅದು 96. ರೇಡಿಯೇಟರ್ ಕ್ಯಾಪ್ ಒತ್ತಡ ಹಿಡಿದರೆ ಈ ಲೆಕ್ಕ ಬೇಡ, 7 ಪಿಎಸ್‌ಐ ಕ್ಯಾಪ್ ಆದರೂ 10 ಡಿಗ್ರಿಗಿಂತ ಜಾಸ್ತಿ ಮೇಲೆ ತಳ್ಳುತ್ತದೆ. ಕ್ಯಾಪ್‌ನ ರಬ್ಬರ್ ಒಣಗಿ ಬಿರುಕು ಬಿಟ್ಟಿದ್ದರೆ, ಮಂಗಳೂರಲ್ಲಿ ಕುದಿಯದ ಗಾಡಿ ಇಲ್ಲಿ ಕುದಿಯುತ್ತದೆ.

ಆಂಪಿಯರ್ ಮೀಟರ್ ಜಾಗಕ್ಕೆ ನಾನಾದರೆ ವ್ಯಾಕ್ಯೂಮ್ ಮೀಟರ್ (ಇಂಜಿನ್ ಗಾಳಿ ಎಳೆಯುವ ಸೆಳೆತ ಅಳೆಯುವಂಥದ್ದು) ಹಾಕುತ್ತಿದ್ದೆ. ಕಾರ್ಬುರೇಟರ್ ಗಾಡಿಗೆ ಅದರಷ್ಟು ಮಾತಾಡುವ ಮೀಟರ್ ಇನ್ನೊಂದಿಲ್ಲ. ಟ್ಯೂನಿಂಗ್, ಟೈಮಿಂಗ್, ವಾಲ್ವ್ ಎಲ್ಲ ಹೇಳುತ್ತದೆ. ಆದರೆ ಅದರ ಮುಖದ ಮೇಲೆ ಬರೆದಿರುವ ಹಸಿರು ಪಟ್ಟೆ ಸಮುದ್ರ ಮಟ್ಟದ್ದು. ಅಲ್ಲಿ ಒಳ್ಳೆ ಇಂಜಿನ್ ಐಡಲ್‌ನಲ್ಲಿ 17ರಿಂದ 21 ಇಂಚು (ಪಾದರಸದ ಲೆಕ್ಕದಲ್ಲಿ) ತೋರಿಸುತ್ತದೆ. 300 ಮೀಟರಿಗೆ ಒಂದು ಇಂಚು ಕಳೆಯಿರಿ. ಪೊನ್ನಂಪೇಟೆಯಲ್ಲಿ ಸುಮಾರು 3 ಇಂಚು ಕಮ್ಮಿ, ಮಡಿಕೇರಿಯಲ್ಲಿ ಇನ್ನೂ ಕಮ್ಮಿ. 15 ತೋರಿಸಿತು ಅಂತ ವಾಲ್ವ್ ಕೆಲಸ ಮಾಡಿಸಿದವರನ್ನು ನೋಡಿದ್ದೇನೆ.

ಎಸ್ಟೇಟ್ ವಯರ್‌ಮನ್ (ಸಿದ್ದಾಪುರ)

ಹೆಡ್‌ನಲ್ಲೇ ಸೆಂಡರ್ ಹಾಕಬೇಕು ಅನ್ನುವುದು ಸರಿ. ವ್ಯಾಕ್ಯೂಮ್ ಮೀಟರ್ ಟ್ಯೂನಿಂಗ್ ಮಾಡುವ ದಿನ ಒಳ್ಳೆಯದು. ದಿನಾ ಓಡಿಸುವವರಿಗೆ ಘಾಟಿಯಲ್ಲಿ ಕುಣಿಯುವ ಮುಳ್ಳು ನೋಡುವ ಚಟ ಹತ್ತುತ್ತದೆ, ಎದುರಿನ ತಿರುವು ಯಾರು ನೋಡಬೇಕು? ವೋಲ್ಟ್ ಮೀಟರ್ ಸಾಕು ಅಮ್ಮ.

ದೊಡ್ಡಪ್ಪನ ಪದ್ಮಿನಿ (ಪೊನ್ನಂಪೇಟೆ)

ಅಂಕಲ್, ನೀವು ಹೇಳಿದ ಹಾಗೆ ಮಾಡಿದೆ. ಲೇತ್‌ನಲ್ಲಿ ಅಡಾಪ್ಟರ್ ಮಾಡಿಸಿ ಮೀಟರನ್ನು ಬಾನೆಟ್ ಕೆಳಗೇ ಕಟ್ಟಿಕೊಂಡು ಹೊರಟೆವು. ಸ್ಟಾರ್ಟ್ ಮಾಡಿದ ಕೂಡಲೇ 60 ದಾಟಿತು. ಕೂಟುಪುಳದ ತನಕ ಇಳಿದು ವಾಪಸ್ಸು ಹತ್ತಿ ಪೆರುಂಬಾಡಿಯಲ್ಲಿ ನಿಲ್ಲಿಸಿ ನೋಡಿದರೆ ಐಡಲ್‌ನಲ್ಲಿ 18. ಮನೆಯವರು ಆಕ್ಸಿಲರೇಟರ್ ಒತ್ತಿ ಹಿಡಿದರು, 45 ಬಂದು ನಿಂತಿತು. ಅದೇ ಬಿಸಿಯಲ್ಲಿ ಮನೆಗೆ ಬಂದು ಹಳೇ ಸ್ವಿಚ್ ವಾಪಸ್ಸು ಹಾಕಿದರೆ ಲೈಟ್ ಮತ್ತೆ ಮಿಣಮಿಣ. ಹಾಗಾದರೆ ಮೆಕ್ಯಾನಿಕ್ ಹೇಳಿದ್ದೇ ಸರಿ ಅಂತಾಯ್ತು. ನೋಡದೆ ಹೇಳಿದ್ದು, ಆದರೂ ಸರಿ.

ಕಂಪನಿ ಟೆಂಪರೇಚರ್ ಮೀಟರೂ ಸತ್ತಿಲ್ಲ. ವಯರ್ ತಾಗಿಸಿದ ತಕ್ಷಣ ಮುಳ್ಳು ಮೇಲಕ್ಕೆ ಹಾರಿತು. ಹಾಗಾಗಿ ಕಿಟ್‌ನ ಟೆಂಪರೇಚರ್ ಮೀಟರ್ ಹಾಕುವುದಿಲ್ಲ, ಹಳೇದಕ್ಕೇ ಸರಿಯಾದ ಸೆಂಡರ್ ಹುಡುಕುತ್ತಿದ್ದೇನೆ. ಥರ್ಮೋಸ್ಟಾಟ್ ಕೇಳಿದರೆ ಮೆಕ್ಯಾನಿಕ್ ನಕ್ಕರು. ಇಲ್ಲವಂತೆ.

ಈಗ ಎರಡೇ ಮೀಟರ್, ಎಲೆಕ್ಟ್ರಿಕ್ ಆಯಿಲ್ ಮತ್ತು ವೋಲ್ಟ್. ಪ್ಯಾನಲ್‌ನಲ್ಲಿ ಮೂರನೇ ತೂತು ಖಾಲಿ ಉಳಿಯುತ್ತದೆ. ಅದಕ್ಕೆ ಗಡಿಯಾರ ಹಾಕಿದರೆ ದೊಡ್ಡಪ್ಪ ಬೈಯಲಿಕ್ಕಿಲ್ಲ. ಹೋಸ್ ಎಷ್ಟು ಉದ್ದ ಮಾಡಿಸಲಿ?

ಎಸ್ಟೇಟ್ ವಯರ್‌ಮನ್ (ಸಿದ್ದಾಪುರ)

18, 45 ಅಂದರೆ ಬೋರ್ ಮಾಡಿದವರು ಕೆಲಸ ಚೆನ್ನಾಗಿ ಮಾಡಿದ್ದಾರೆ. ಆ ಎರಡು ಸಂಖ್ಯೆಯನ್ನು ಸರ್ವಿಸ್ ಪುಸ್ತಕದಲ್ಲಿ ತಾರೀಖು ಹಾಕಿ ಬರೆದಿಡಿ, ಯಾವ ಆಯಿಲ್ ಅಂತಲೂ. ಎಲೆಕ್ಟ್ರಿಕ್ ಮೀಟರ್ ಹಾಕಿದ ದಿನ ಅದೇ ಘಾಟಿ ಹತ್ತಿ ಹೋಲಿಸಿ ನೋಡಿ. ಎರಡು ಮೂರು ಪಿಎಸ್‌ಐ ಆಚೀಚೆ ಆದರೆ ಪರವಾಗಿಲ್ಲ, 10 ವ್ಯತ್ಯಾಸ ಬಂದರೆ ಅರ್ತ್ ನೋಡಿ.

ಹೋಸ್ ಅಳತೆ ಬಾಯಲ್ಲಿ ಹೇಳುವುದು ಬೇಡ. ದಪ್ಪ ಹಗ್ಗ ತಗೊಂಡು ಬ್ಲಾಕ್‌ನಿಂದ ಟೀ ಕೂರುವ ಜಾಗದ ತನಕ ಹಿಡಿಯಿರಿ, ಎಗ್ಸಾಸ್ಟ್ ಕಡೆ ಬೇಡ. ಇಂಜಿನ್ ಸ್ಟಾರ್ಟ್ ಆಗುವಾಗ, ಆಫ್ ಆಗುವಾಗ ಎಷ್ಟು ಕುಲುಕುತ್ತದೆ ನೋಡಿ ಒಂದು ಗೇಣು ಸಡಿಲ ಬಿಡಿ. ಆ ಹಗ್ಗವನ್ನೇ ಅಂಗಡಿಗೆ ಕೊಡಿ. ಬಿಸಿ ಇಂಜಿನ್ ಆಯಿಲ್‌ಗೆ ಅಂತ ಹೇಳಿ, ನೀರಿನ ಹೋಸ್ ಒತ್ತಿಕೊಟ್ಟಾರು. ಹಾಕಿದ ಮೇಲೆ ಮೊದಲ ದಿನ ಟೀ ಸುತ್ತ ಹಳೇ ಪೇಪರ್ ಕಟ್ಟಿ ಪಕ್ಕದಲ್ಲೇ ಓಡಿಸಿ ಬನ್ನಿ, ಎಲ್ಲಿ ಜಿನುಗಿದರೂ ಪೇಪರ್‌ನಲ್ಲಿ ಕಾಣುತ್ತದೆ.

ಗಡಿಯಾರಕ್ಕೆ ಮಾತ್ರ ಕೀ ಲೈನ್ ಕೊಡಬೇಡಿ, ನೇರ ಬ್ಯಾಟರಿ ಲೈನ್, ಬೇರೆ ಫ್ಯೂಸ್. ಇಲ್ಲಾಂದ್ರೆ ಕೀ ತೆಗೆದಾಗಲೆಲ್ಲ ಟೈಮ್ ನಿಂತುಹೋಗುತ್ತದೆ, ನಿಮ್ಮ ದೊಡ್ಡಪ್ಪ ಅದನ್ನೇ ಮೊದಲು ನೋಡುವುದು.